ಒನಬುಚಿಗೆ ಬಾಡಿಗೆ

ಸ್ಟೇಷನ್ನಿನ ಮುಂದೆ ಇರುವುದು ಎರಡೇ ಟ್ಯಾಕ್ಸಿ.
ಒಂದು ನನ್ನದು. ಇನ್ನೊಂದರ ಮುದುಕ
ಸೊಂಟನೋವೆಂದು ವಾರಕ್ಕೆ ನಾಲ್ಕು ದಿನ ಬರುವುದಿಲ್ಲ.
ಹಾಗಾಗಿ ಈ ಹುಚ್ಚರೆಲ್ಲ ನನ್ನ ಪಾಲು.
ಬೆನ್ನಿಗೆ ಚೀಲ, ಕುತ್ತಿಗೆಗೆ ಕ್ಯಾಮೆರಾ,
"ಅಣೆಕಟ್ಟಿಗೆ" ಎನ್ನುತ್ತಾರೆ
ಹೆರಿಗೆ ಆಸ್ಪತ್ರೆಗೆ ಎನ್ನುವಷ್ಟು ಅವಸರದಲ್ಲಿ.

ಮೊದಮೊದಲು ಕೇಳುತ್ತಿದ್ದೆ, ಅಲ್ಲೇನಿದೆ?
ಒಂದು ಗೋಡೆ, ಗೋಡೆಯ ಹಿಂದೆ ನೀರು.
ಈ ಕಡೆ ಬಿಸಿನೀರಿನ ಬುಗ್ಗೆಯಿದೆ, ಬಾಡಿಗೆಯೂ ಕಡಿಮೆ.
ನಕ್ಕುಬಿಡುತ್ತಿದ್ದರು. ಈಗ ಕೇಳುವುದಿಲ್ಲ.
ಹನ್ನೊಂದು ಸುರಂಗ, ಲೆಕ್ಕವಿಲ್ಲದ ತಿರುವು,
ಮೀಟರು ಓಡುತ್ತದೆ.

ಕಳೆದ ಮೇ ತಿಂಗಳಲ್ಲಿ ಬಂದವರು ನುಕಾಗ ಎಂಬಾಕೆ,
ಒಸಾಕದ ಹಲ್ಲಿನ ಡಾಕ್ಟರು. ಗುರುವಾರ ಕ್ಲಿನಿಕ್ಕಿಗೆ ರಜ.
ಇದು ಮುನ್ನೂರ ಹನ್ನೆರಡನೆಯದು ಎಂದರು,
ಮೊಮ್ಮಗನ ವಯಸ್ಸು ಹೇಳುವಷ್ಟು ಸಲೀಸಾಗಿ.
"ನೀವೂ ಬನ್ನಿ. ಕಾಯುವುದಕ್ಕೂ ದುಡ್ಡು ಕೊಡುತ್ತೇನಲ್ಲ,
ನಡೆಯುತ್ತ ಕಾಯಿರಿ."

ಹದಿನೇಳು ವರ್ಷ ಗೇಟಿನವರೆಗೆ ಬಂದು ಸಿಗರೇಟು ಸೇದಿದವನು
ಅಂದು ಗೋಡೆಯ ನೆತ್ತಿಯ ಮೇಲೆ ನಡೆದೆ.
ಎಡಕ್ಕೆ ನೀರು, ಕೈಗೆಟುಕುವಂತೆ, ಹಸಿರಾಗಿ,
ಹೊಳೆಯಾಗಿದ್ದುದನ್ನೇ ಮರೆತಂತೆ ಸುಮ್ಮನೆ.
ಬಲಕ್ಕೆ ಏನೂ ಇಲ್ಲ.
ತೊಂಬತ್ತು ಮೀಟರಿನಷ್ಟು ಏನೂ ಇಲ್ಲ,
ಅದರ ತಳದಲ್ಲಿ ಜಾರಿದ ದಾರದ ಹಾಗೆ
ನಾನು ಈಜು ಕಲಿತ ಹೊಳೆ.
ಮಂಡಿ ನೀರಾಯಿತು.

ಆಕೆ ದುರ್ಬೀನು ತೆಗೆದು ಗೋಡೆಯ ಮೈ ನೋಡಿದರು,
ಬಾಯಿ ತೆರೆಸಿ ನೋಡುವ ಹಾಗೆ, ಬಲದಿಂದ ಎಡಕ್ಕೆ, ಸಾಲು ಬಿಡದೆ.
"ಅಲ್ಲಿ ಸುಣ್ಣ ಒಸರಿದೆ. ಬಿಳಿ ಗೆರೆ. ಚಿಂತೆಯಿಲ್ಲ,
ಈ ವಯಸ್ಸಿಗೆ ಒಳ್ಳೆಯ ಬಾಯಿ."
ಆಮೇಲೆ ಹೇಳಿದರು, ಕೆಲವು ಅಣೆಕಟ್ಟು ಬಿಲ್ಲಿನಂತೆ ಬಾಗಿ
ಎರಡು ಬೆಟ್ಟಗಳ ಹೆಗಲಿಗೆ ಭಾರ ಒರಗಿಸಿಬಿಡುತ್ತವೆ.
ಇದು ಆ ಜಾತಿಯಲ್ಲ.
ಬರೀ ತನ್ನ ತೂಕದಿಂದ ನಿಂತದ್ದು.
ನಾನು ನನ್ನ ಹೊಟ್ಟೆ ನೋಡಿಕೊಂಡೆ. ಆಕೆಯೂ ನೋಡಿದರು.

ಕಚೇರಿಯ ಹುಡುಗ ಎರಡೂ ಕೈಯಲ್ಲಿ ಹಿಡಿದು ಕಾರ್ಡು ಕೊಟ್ಟ.
ತಲೆಗೊಂದೇ, ಖುದ್ದು ಬಂದವರಿಗೇ.
ಮುಂದೆ ಚಿತ್ರ. ಹಿಂದೆ ಎತ್ತರ, ಉದ್ದ, ಹಿಡಿಯುವ ನೀರು.
ನನಗೂ ಚಾಚಿದ. ನಾನು ಡ್ರೈವರು ಎಂದೆ.
"ಬಂದಿದ್ದೀರಲ್ಲ" ಎಂದ.
ಕಟ್ಟಿ ಮುಗಿಸಿದ ವರ್ಷವೂ ಇತ್ತು ಅದರಲ್ಲಿ,
ನಾನು ಹುಟ್ಟಿದ ವರ್ಷ.

ಮೆಟ್ಟಿಲಿಳಿದು ಬುಡಕ್ಕೆ ಬಂದಾಗ ಆಕೆ
ನನ್ನ ಅಂಗೈಯನ್ನು ಕಾಂಕ್ರೀಟಿನ ಮೇಲಿಟ್ಟರು. "ಮರ" ಎಂದರು.
ಮರವೇ. ಎಳೆಗಳು, ಹಲಗೆ ಹಲಗೆಯ ಸಂದು,
ಒಂದು ಗಂಟು, ಒಂದು ಡೊಂಕು ಮೊಳೆಯ ಗುರುತು.
ಗಾರೆ ಸುರಿಯುವ ಮೊದಲು ಬಡಿದ ಹಲಗೆಯ ಅಚ್ಚು;
ಹಲಗೆ ಎಂದೋ ಒಲೆಗೆ ಹೋಯಿತು,
ಅದರ ಚರ್ಮ ಇಲ್ಲಿ ಕಲ್ಲಾಗಿ ಉಳಿಯಿತು.

ನನ್ನ ಅಪ್ಪ ಹೇಳುತ್ತಿದ್ದ,
ನೀನು ಹುಟ್ಟುವ ಮುಂಚೆ ಬೆಟ್ಟದ ಮೇಲೆ ಪೆಟ್ಟಿಗೆ ಹೊಡೆಯುತ್ತಿದ್ದೆ.
ಸೇಬಿನ ಪೆಟ್ಟಿಗೆ ಎಂದುಕೊಂಡಿದ್ದೆ.
ಏನು ತುಂಬುವುದಕ್ಕೆಂದು ಅವನು ಹೇಳಲಿಲ್ಲ,
ನಾನು ಕೇಳಲೂ ಇಲ್ಲ.
ಆ ಡೊಂಕು ಮೊಳೆ ಅವನದೇ ಎನ್ನಲು ಆಧಾರವಿಲ್ಲ.
ಅಲ್ಲಿ ನೂರಾರು ಜನ, ನೂರಾರು ಸುತ್ತಿಗೆ.
ಆದರೆ ಕೈ ತೆಗೆಯಲು ತಡವಾಯಿತು.
ಡಾಕ್ಟರು ಅಷ್ಟು ಹೊತ್ತು ದುರ್ಬೀನಿನ ಗಾಜು ಒರೆಸಿದರು.

ಮೀಟರು ನಿಲ್ಲಿಸಿ ಊಟಕ್ಕೆ ಕೂತೆವು.
ಬಸ್ ನಿಲ್ದಾಣದ ಹೋಟೆಲಿನಲ್ಲಿ ಅಣೆಕಟ್ಟು ಕರಿ:
ತಟ್ಟೆಗೆ ಅಡ್ಡಲಾಗಿ ಅನ್ನದ ಗೋಡೆ,
ಒಂದು ಕಡೆ ಸಾರು ತುಂಬಿದೆ, ಇನ್ನೊಂದು ಕಡೆ ಒಣ ಎಲೆಕೋಸು.
ಆಕೆ ಚಮಚದ ತುದಿಯಿಂದ ಅಚ್ಚುಕಟ್ಟಾಗಿ ತೂಬು ತೆಗೆದು
ಕಣಿವೆಗೆ ನೀರು ಬಿಟ್ಟರು.

ನಾನು ಚಮಚ ಹಿಡಿದು ಕೂತೇ ಇದ್ದೆ.
ಒಡೆಯಲು ಮನಸ್ಸಾಗದೆ
ಮೊದಲು ಸಾರನ್ನಷ್ಟೇ ಕುಡಿದೆ,
ದಡದಿಂದ, ಸ್ವಲ್ಪ ಸ್ವಲ್ಪವಾಗಿ.