ಕಾಲಂ ಹನ್ನೊಂದು

ಇವತ್ತ ನಳಾ ಬರೂ ದಿನ. ಒಂಬತ್ತನೇ ದಿನ.
ಅಂದರ ಮುಂಜಾನೆ ಗಣಿತ ಇಲ್ಲ,
ಇಡೀ ದಿನಾನ ಗಣಿತ.
ಹಂಡೆ ಎರಡು, ಡ್ರಮ್ ಒಂದು, ಕೊಡ ಆರು,
ಉಪ್ಪಿನಕಾಯಿ ಬರಣಿ ಸುದ್ದಾ ತೊಳದಿಟ್ಟಾಳ ನೀಲಗಂಗಾ.
ಹಂಚಿದರ ಒಬ್ಬೊಬ್ಬರಿಗೆ ದಿನಕ್ಕ ಎಷ್ಟು ಅಂತ
ಖಡು ಹಿಡದು ಗ್ವಾಡಿ ಮ್ಯಾಲೆ ಭಾಗಾಕಾರ ಹಾಕ್ಯಾಳ.
ಶೇಷ ಉಳದದ್ದು ತುಳಸಿಗೆ.

ನೋಟಬುಕ್ ನಾವು ಕೊಂಡದ್ದು ಕಡಿಮಿ.
ಮಾವನವರ ಪ್ರೆಸ್ಸಿನ ಕೆಟ್ಟ ಹಾಳಿ ಅವ.
ಒಂದ ಮಗ್ಗಲ ಯಾರದೋ ಮದವಿ, ತಾರೀಖು ತಪ್ಪಿದ್ದು;
ಇನ್ನೊಂದ ಮಗ್ಗಲ ಏಳರ ಮಗ್ಗಿ, ಅದೂ ತಪ್ಪಿದ್ದು.
ಶರಣ್ಯಾ ತಗದ ಕಪ್ಪಿ ಚಿತ್ರದ ಬೆನ್ನಿಗೆ
ಬೀಗರು, ಅಳಿಯಂದಿರು, ಮೊಮ್ಮಕ್ಕಳು
ಹದಿನೇಳ ಮಂದಿ ನಿಂತು ನಮ್ಮನ್ನ ಊಟಕ್ಕ ಕರೀತಾರ.

ಕೊಟ್ರೇಶಿಗೆ ಏಳು ತುಂಬಿ ಐದ ತಿಂಗಳು.
ಓದಾಕ ಬರೂದಿಲ್ಲ.
ಇದನ್ನ ನಾ ಯಾರ ಮುಂದೂ ಹೇಳಿಲ್ಲ.
ಅವ್ವನ ಫೋನ್ ಬಂದರ "ಓದತಾನ, ಓದತಾನ" ಅಂತೇನಿ,
ದನಿ ಸಣ್ಣ ಮಾಡಿ, ಅವಗ ಕೇಳದಂಗ.
ಅವರಪ್ಪ ಕರಡು ತಿದ್ದೂಮುಂದ ಎದುರಿಗೆ ಕುಂತು
ಹಳೇ ಪೆಟಿಗ್ಯಾಗಿನ ಅಚ್ಚಿನ ಮೊಳಿ ತಗದು ರೈಲು ಮಾಡತಾನ.
ಕ ಒಂದು ಡಬ್ಬಿ, ಗು ಒಂದು ಡಬ್ಬಿ, ಒತ್ತಕ್ಷರ ಗಾಲಿ.
ಸೀಸದ ಕೈಯಿ, ಕೈ ತೊಳಿ, ಅಂತ ನಾ ಒದರೂದು.
ಆ ರೈಲು ಎಲ್ಲೂ ನಿಂದರೂದಿಲ್ಲ.

ಒಂದೊಂದ ದಿನ ತಲಿ ಕೆಟ್ಟು ಅಂತೇನಿ,
"ನಾಳಿಯಿಂದ ಎಲ್ಲಾರನ್ನೂ ಸಾಲಿಗೆ ಹಚ್ಚಿಬಿಡತೇನಿ!"
ಮಂದಿ ಗುಮ್ಮನ್ನ ತೋರಸತಾರ, ನಾ ಸಾಲಿ ತೋರಸತೇನಿ.
ಬಚ್ಚಲ ಬಾಗಲ ಹಾಕ್ಕೊಂಡು ಐದ ನಿಮಿಷ ಕುಂತರ
ಬಾಗಲ ಕೆಳಗಿಂದ ನಾಕ ಬೆರಳು:
"ಯವ್ವಾ, ಮಿಡತಿಗೆ ಕಿವಿ ಎಲ್ಲಿರತಾವ?"
ನನಗೂ ಗೊತ್ತಿರಲಿಲ್ಲ. ಹುಡುಕಿದ್ವಿ. ಹೊಟ್ಟಿ ಮ್ಯಾಲಂತ.
ಬಂದಿದ್ದ ಸಿಟ್ಟು ಬಚ್ಚಲದಾಗ ಮರತಬಂದೆ.

ಹನ್ನೊಂದಕ್ಕ ಸಮೀಕ್ಷೆ ಸರ್ ಬಂದರು,
ಬೆಟಗೇರಿ ಬಿಸಲಾಗ, ಸ್ಕೂಟರ್ ಸೀಟಿಗೆ ಟವೆಲ್ ಹಾಸಿ.
ಚಹಾ ಬ್ಯಾಡ ಅಂದರು. ಆಮ್ಯಾಲೆ ಕುಡದರು.
"ಕಾಲಂ ಹನ್ನೊಂದು, ಶಾಲೆಗೆ ಬಾರದಿರಲು ಕಾರಣ.
ವಲಸೆ ಏನ್ರಿ? ಅಲ್ಲ. ಕೂಲಿ? ಅಲ್ಲ. ಜಡ್ಡು?
ಮತ್ತೇನ ಬರೀಲೆವಾ ಇಷ್ಟ ಸಣ್ಣ ಡಬ್ಬ್ಯಾಗ?"

ನನ್ನ ಕಡೆ ಎರಡ ವರ್ಷ ಬಾಯಿಪಾಠ ಮಾಡಿದ ಉತ್ತರ ಇತ್ತು:
ನೀಲಗಂಗಾಗ ಆಯಿತವಾರ ಒಂದ ಬಿಟ್ಟು
ದಿನಾ ಹೊಟ್ಟಿಬ್ಯಾನಿ ಇರತಿತ್ತು, ಅಲ್ಲಿಂದ ಶುರು.
ಅಷ್ಟರಾಗ ಮುತ್ತು ಚಹಾದ ಬಟ್ಟಲಿಗೆ ಅಂಬೆಗಾಲಿಲೆ ಹೊಂಟಳು,
ಕುಕ್ಕರ್ ಒದರಿತು,
ಸರ್ ಎದುರಿಗೆ ಕುಂತ ಕೊಟ್ರೇಶಿ ತಲೆಕೆಳಗಾದ ಹಾಳಿಯಿಂದ
ಅಕ್ಕಿಯೊಳಗಿನ ಹಳ್ಳ ಆರಿಸಿದಂಗ ಒಂದೊಂದ ಆರಿಸಿ
"ಶಾ. ಲೆ. ಯಿಂ. ದ.
ಹೊ. ರ. ಗು. ಳಿ. ದ.
ಮ. ಗು."

ಯಾರೂ ಮಾತಾಡಲಿಲ್ಲ.
"ಹೊರಗುಳಿದ ಅಂದರೇನ ಯವ್ವಾ? ನಾವು ಒಳಗ ಅದೇವಲ್ಲ?"
ನಾ ಕುಕ್ಕರ್ ಇಳಸಾಕ ಎದ್ದೆ.
ಅದನ್ನ ಆಗಲೇ ಇಳಿಸಿದ್ದೆ.
ಸರ್ ಹಾಳಿ ಅವನ ಕಡೆ ತಿರುವಿ, "ಓದಪಾ ಮುಂದ," ಅಂದರು.
ನೆಟ್ಟಗಾದ ಕೂಡಲೇ ಅವಗ ಓದಾಕ ಬರಲಿಲ್ಲ.

ಆಗ ನಳಾ ಕೆಮ್ಮಿತು. ಬರೇ ಗಾಳಿ, ಮತ್ತ ಗಾಳಿ, ಆಮ್ಯಾಲೆ ಕೆಂಪ ನೀರು.
ಓಣ್ಯಾಗ ಮಗ್ಗದ ಸಪ್ಪಳ ನಿಂತು ಕೊಡದ ಸಪ್ಪಳ ಶುರುವಾತು.
ಸರ್ ಕಂಕಳಾಗ ಮುತ್ತು, ಇನ್ನೊಂದ ಕೈಯಾಗ ಪೈಪು.
ಡ್ರಮ್ಮಿಗೆ ಹತ್ತೊಂಬತ್ತ ಕೊಡ ಅಂದರು ಅವರು.
ನೀಲಗಂಗಾ ಗ್ವಾಡಿ ಮ್ಯಾಲಿನ ಗೀಟು ತೋರಿಸಿ, ಹದಿನೆಂಟು.
ಹದಿನೆಂಟ ಇತ್ತು.

ಕಾಲಂ ಹನ್ನೊಂದರ ಮ್ಯಾಲೆ ಬಟ್ಟಲ ಊರಿದ ಚಹಾದ ಉಂಗುರ.
"ಇದನ್ನ ಹೆಂಗ ಕೊಡೂದು ಆಫೀಸಿಗೆ," ಅಂದರು,
ತೊಯ್ದ ಪ್ಯಾಂಟ್ ಹಿಂಡಿಕೋತ. "ಮತ್ತ ಬರತೇನಿ."
ಯಾವತ್ತ ಬರತೀರಿ, ಅಂತ ನೀಲಗಂಗಾ.
ಕೇಳಿ ಗ್ವಾಡಿ ಮ್ಯಾಲೆ ಅದನ್ನೂ ಬರಕೊಂಡಳು.