ಹಾಲಮ್ಮನ ಮುಚ್ಚಳ

ಒಂಬತ್ತೂವರೆಗೆ ಗೇಟು. ಅದಕ್ಕೂ ಹತ್ತು ನಿಮಿಷ ಮೊದಲೇ
ಅವ್ವಂದಿರ ಸೆರಗಿನಿಂದ ಒಂದೊಂದೇ ಬೆರಳು ಬಿಡಿಸಿ
ಒಳಗೆ ಕರಕೊಳ್ಳುತ್ತೇನೆ.
ಹದಿನೇಳು ಮಕ್ಕಳು. ಹದಿನೇಳು ರಾಗದ ಅಳು.
ಮಂಡಕ್ಕಿ ಭಟ್ಟಿ ಕಡೆಯಿಂದ ಗಾಳಿ ತಿರುಗಿದ ದಿನ
ಕಿಟಕಿಯ ದಂಡೆ ತುಂಬ ಹೊಟ್ಟಿನ ಕಪ್ಪು ಬೂದಿ.
ಅದರಲ್ಲೇ ಬೆರಳಾಡಿಸಿ 'ರ' ಕಲಿತಳು ಇಫ್ರಾ;
ಸ್ಲೇಟಿನ ಮೇಲೆ ಇನ್ನೂ ಬರುವುದಿಲ್ಲ.

ನನ್ನ ಹೆಸರು ಇಲ್ಲಿ ಯಾರಿಗೂ ಬೇಕಾಗಿಲ್ಲ.
ಮಿಸ್, ಚಡ್ಡಿ. ಮಿಸ್, ಇವನು ಕಚ್ಚಿದ. ಮಿಸ್, ಮೂಗು.
ಒಮ್ಮೊಮ್ಮೆ ಬಾಯಿತಪ್ಪಿ, ಅವ್ವಾ,
ಅಂದವನೇ ನಾಚಿ
ನನ್ನ ದುಪಟ್ಟಾಕ್ಕೇ ಮುಖ ಒರೆಸುತ್ತಾನೆ.

ಸಂಜೆ ಮನೆಗೆ ಬಂದರೂ ಗಂಟಲು ಮಿಸ್ಸಿನದೇ.
"ಅಪ್ಪಾಜಿ, ಕೈ ತೊಳೆದ್ರಾ? ಎಲ್ಲಿ, ತೋರಿಸಿ ನೋಡೋಣ" ಅಂದೆ ಮೊನ್ನೆ.
ಗಿರಣಿ ಮುಚ್ಚುವವರೆಗೂ ಹತ್ತಿಯ ಧೂಳು ನುಂಗಿದ ಅಪ್ಪಾಜಿ
ಎರಡೂ ಅಂಗೈ ಮುಂದೆ ಚಾಚಿದರು,
ತಿರುವಿ ಉಗುರನ್ನೂ ತೋರಿಸಿದರು.
ನಗಲಿಲ್ಲ. ನಾನೂ.

ನೋಡಲು ಬಂದವರು ರಾಣೆಬೆನ್ನೂರಿನವರು.
"ಬರೇ ಆಡ್ಸೋ ಕೆಲ್ಸಾನಾ?" ಅಂದರು ಹುಡುಗನ ಚಿಕ್ಕಮ್ಮ,
ಕಟವಾಯಲ್ಲಿ ಖಾರಮಂಡಕ್ಕಿಯ ಒಂದು ಕಾಳು.
ಹೂಂ, ಅಂದೆ.
ನನ್ನ ಕೈ ತಾನೇ ಕರ್ಚೀಫು ಹಿಡಿದು
ಅವರ ಬಾಯಿಯತ್ತ ಅರ್ಧ ಹೋಗಿತ್ತು.
ಆ ಮಾತು ಮುಂದುವರಿಯಲಿಲ್ಲ. ಅವ್ವ ಎರಡು ದಿನ ಮಾತಾಡಲಿಲ್ಲ.

ವ್ಯಾನಿನ ಕೊಟ್ರೇಶಿಯ ಹೆಸರು ನನಗೆ ಗೊತ್ತು,
ಹಿಂದಿನ ಗಾಜಿನ ಮೇಲೆ ಫೋನ್ ನಂಬರಿನ ಜೊತೆಗೇ ಬರೆಸಿದ್ದಾನೆ.
"ನಿಮ್ಮ ಹೆಸರೇನ್ರೀ ಮಿಸ್ಸೇ?" ಅಂದ ಒಂದು ಮಧ್ಯಾಹ್ನ.
ನಾನು ಬಾಯಿ ತೆರೆಯುವಷ್ಟರಲ್ಲಿ
ಕಿಟಕಿಯಿಂದ ಮೂರು ತಲೆ ಹೊರಗೆ:
"ಮಿಸ್ ಹೆಸ್ರು ಮಿಸ್ಸು!"
ನಕ್ಕ. ಗೇರು ಹಾಕಿದ. ಮತ್ತೆ ಕೇಳಲಿಲ್ಲ.

ದಸರಾ ರಜೆ ಮುಗಿಸಿ ಬಾಗಿಲು ತೆಗೆದರೆ ಹದಿನಾರು.
ತಿಪ್ಪೇಶ ಬರಲಿಲ್ಲ.
ನಾಲ್ಕು ತಿಂಗಳಲ್ಲಿ ಅವನಾಡಿದ್ದು ಒಂದೇ ಮಾತು,
ದಿನಾ ಊಟದ ಹೊತ್ತಿಗೆ ಡಬ್ಬಿ ಚಾಚಿ: "ತೆಗಿ."
ಬಿಗಿ ಮುಚ್ಚಳ. ನನ್ನ ಉಗುರೊಂದು ಅದರಲ್ಲೇ ಮುರಿದಿತ್ತು.
ಫೋನು ಸ್ವಿಚ್ ಆಫ್. ಬಾಡಿಗೆ ಮನೆಯ ಓನರು
ನಲ್ಲಿ ನೀರು ಹಿಡಿಯುತ್ತಲೇ ಹೇಳಿದರು:
"ಖಾಲಿ ಮಾಡ್ಕ್ಯಂಡು ಹೋದ್ರು. ಹರಿಹರ ಅಂದ್ರೋ, ಹುಬ್ಳಿ ಅಂದ್ರೋ."
ಕಪಾಟಿನಲ್ಲಿ ಉಳಿದದ್ದು ಮುಚ್ಚಳ ಒಂದೇ.
ಅದರ ಮೇಲೆ ಚುಕ್ಕಿ ಚುಕ್ಕಿ ಕೊರೆದ ಅಕ್ಷರ:
ಹಾಲಮ್ಮ, ಅಣಜಿ.
ಅಜ್ಜಿಯೋ, ಅಜ್ಜಿಯ ಅವ್ವನೋ.

ಎಲ್ಲೋ ಒಂದು ಡಬ್ಬಿ
ಮೇಲೆ ತಟ್ಟೆ ಬೋರಲು ಹಾಕಿಸಿಕೊಂಡು ಕೂತಿರಬೇಕು.
ಅಲ್ಲಿ "ತೆಗಿ" ಅನ್ನುವ ಕೆಲಸವೇ ಇಲ್ಲ ಅವನಿಗೆ.

ಮನೆಗೆ ಒಯ್ದೆ. ಅವ್ವ ಹಾಲಿನ ಪಾತ್ರೆಗೆ ಇಟ್ಟು ನೋಡಿದಳು,
ಒಳಗೆ ಬಿತ್ತು.
ಉಪ್ಪಿನಕಾಯಿ ಬಟ್ಟಲಿಗೆ ಇಟ್ಟಳು, ಜಾರಿತು.
"ಮಂದಿ ಸಾಮಾನು ಮನೆಗೆ ತರಬ್ಯಾಡ" ಅಂದಳು.
ಅಂದಿನಿಂದ ಅದು ನನ್ನ ಬ್ಯಾಗಿನ ಹೊರಜೇಬಿನಲ್ಲಿ,
ಸೀಮೆಸುಣ್ಣ, ಬ್ಯಾಂಡೇಜು, ಯಾರದೋ ಒಂಟಿ ಸಾಕ್ಸಿನ ಜೊತೆ,
ಅರ್ಧ ಒಳಗೆ ಅರ್ಧ ಹೊರಗೆ.

ನಿನ್ನೆ ಬಿಡುವ ಹೊತ್ತು. ಕೊಟ್ರೇಶಿ ಕಿಟಕಿಯ ಗಾಜಿಳಿಸಿ,
ಎಷ್ಟೋ ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದವನ ಹಾಗೆ
ಮೆಲ್ಲಗೆ ಅಂದ:
"ಹಾಲಮ್ಮ ಮಿಸ್ಸೇ, ನಾಳೆ ವ್ಯಾನು ಒಂಚೂರು ಲೇಟಾಗ್ತೈತಿ."

ತಿದ್ದುವುದೇ ನನ್ನ ಕೆಲಸ. ಬೆಳಗಿಂದ
ಹಿಂದುಮುಂದಾದ 'ದ', ಎಡಬಲ ತಪ್ಪಿದ ಚಪ್ಪಲಿ,
ಮೇಲಿನ ಗುಂಡಿ ಕೆಳಗಿನ ಕಾಜಿನಲ್ಲಿ.

ಬಗ್ಗಿ ವ್ಯಾನಿನೊಳಗೆ ತಲೆ ಎಣಿಸಿದೆ.
ಒಂಬತ್ತು.
ಸರಿ ಐತಿ, ಹೋಗ್ರಿ, ಅಂದೆ.