ಹುಲಿಯ ಕಡೆಯ ತೂತು

ಹಲಗೆ ಬರೆದವನು ಮೂಡಿಗೆರೆಯ ಈರಾಚಾರಿ.
ಲಾರಿಗಳ ಹಿಂದೆ ಹದ್ದು, ನವಿಲು, ಅಳುವ ಹೆಂಗಸು
ಬರೆದು ಪಳಗಿದ ಕೈ. ಹಾಗಾಗಿ
ಸಳನಿಗೆ ಡ್ರೈವರಣ್ಣನ ತೋಳು,
ಹುಲಿಗೆ ಎಮ್ಮೆಕರುವಿನ ಹೊಟ್ಟೆ.
ಮುಖವಿರಬೇಕಾದ ಕಡೆ ಎರಡು ತೂತು.
ಕತ್ತು ತೂರಿಸಿ, ಫೋಟೊ ತೆಗೆಸಿಕೊಳ್ಳಿ, ಹತ್ತು ರೂಪಾಯಿ.
ಪಂಚಾಯಿತಿಗೆ ಐದು, ನನಗೆ ಐದು.

ಇಲ್ಲಿಗೆಂದೇ ಬರುವವರು ಕಮ್ಮಿ.
ಬೇಲೂರಿಗೆ ಹೊರಟವರು ದಾರಿ ತಪ್ಪಿ ಬರುತ್ತಾರೆ,
ನನ್ನ ಕಾಫಿ ಅಂಗಡಿಯ ಮುಂದೆ ನಿಂತು
'ಅಂಗಡಿ ಎಲ್ಲಮ್ಮಾ?' ಎನ್ನುತ್ತಾರೆ.
'ಇದೇ.'
'ಅಲ್ಲ, ಊರು.'
'ಊರೂ ಇದೇ.'

ಇಲ್ಲೇ ಸ್ವಾಮಿ, ಒಂದು ರಾಜ್ಯ ಶುರುವಾದದ್ದು.
ಪಾಠ ಹೇಳುತ್ತಿದ್ದ ಮುನಿ, ಪೊದೆಯಿಂದ ಹುಲಿ.
'ಹೊಯ್, ಸಳ!' ಅಂದರಂತೆ.
ಹೊಯ್ದನಂತೆ.
ಆಮೇಲಿನ ಅಷ್ಟು ಪಟ್ಟ, ಅಷ್ಟು ಕಲ್ಲು, ಅಷ್ಟು ಮದನಿಕೆಯರು,
ಎಲ್ಲದರ ತಳಪಾಯ ಒಂದು ಕ್ರಿಯಾಪದ.
ಸಳ ಅನ್ನುವವನು ಇದ್ದನೋ ಇಲ್ಲವೋ
ಹೇಳಲಾಗದು, ಎನ್ನುತ್ತಾರೆ ಧರಣೇಂದ್ರಯ್ಯ ಮೇಷ್ಟ್ರು.
ಕಾಫಿ ಮುಗಿಸಿ ಏಳುವಾಗ ಸೇರಿಸುತ್ತಾರೆ:
ಹುಲಿ ಇದ್ದಿರಬಹುದು.

ನನಗೆ ಆ ಪದ ಬೇರೆ ಥರ ಗೊತ್ತು.
ನೀರು ಹೊಯ್ಯುತ್ತೇನೆ, ದೋಸೆ ಹೊಯ್ಯುತ್ತೇನೆ,
ಹಲಗೆಯ ಹಿಂದಿನ ಗೋಡೆಗೆ
ಹುಡುಗರು ಏನು ಹೊಯ್ಯುತ್ತಾರೋ ಅದನ್ನೂ ಬಲ್ಲೆ.
ಸಳ ಅನ್ನಲು ಹೋಗಿ ನಾಲಗೆ ಜಾರಿದರೆ ಸಾಲ.
ಅದಕ್ಕೆ ಬೋರ್ಡೇ ಇದೆ:
ಇಂದು ನಗದು, ನಾಳೆ ಸಾಲ.

ಕಷ್ಟವೇನೆಂದರೆ ಹಲಗೆಗೆ ಎರಡು ತಲೆ ಬೇಕು,
ಎಲ್ಲರಿಗೂ ಸಳನೇ ಆಗಬೇಕು.
ಹೊಸದಾಗಿ ಮದುವೆಯಾದವರಲ್ಲಿ ಹೆಂಡತಿ ಹುಲಿ,
ಅಣ್ಣತಮ್ಮಂದಿರಲ್ಲಿ ಚಿಕ್ಕವನು.
ಒಂಟಿಯಾಗಿ ಬೈಕಿನಲ್ಲಿ ಬಂದವರು ಆಚೀಚೆ ನೋಡಿ
'ಅಮ್ಮಾ, ಒಂಚೂರು...' ಎನ್ನುತ್ತಾರೆ.
ಒಲೆ ಸಣ್ಣ ಮಾಡಿ, ಸೆರಗಿನಲ್ಲಿ ಮುಖ ಒರೆಸಿ
ಬಗ್ಗುತ್ತೇನೆ.

ಎಷ್ಟು ಫೋನುಗಳಲ್ಲಿ ಸಾಯುತ್ತಿದ್ದೇನೋ ನಾನು.
ಕಣ್ಣೂರಲ್ಲಿ, ಪುಣೆಯಲ್ಲಿ ಯಾರೋ ಬೆರಳಿನಿಂದ ಸರಿಸುತ್ತಾರೆ:
ಬೇಲೂರಿನ ಕಂಬದ ಅಡಿಗೆ ತೂರಿಸಿದ ಪೇಪರು,
ಶೆಟ್ಟಿಹಳ್ಳಿಯಲ್ಲಿ ಸೊಂಟದವರೆಗೆ ನೀರಲ್ಲಿ ನಿಂತ ಇಗರ್ಜಿ,
ಆಕಾಶಕ್ಕೆ ಮಾತ್ರ ನಕ್ಷತ್ರವಾಗಿ ಕಾಣುವ
ಮಂಜರಾಬಾದಿನ ಕೋಟೆ,
ಆಮೇಲೆ ನಾನು,
ಬಾಯಿ ತೆರೆದುಕೊಂಡು, ಕೊರಳಿಗೆ ಕತ್ತಿ.

ಮೊದಮೊದಲು ಗುರುಗುಟ್ಟುತ್ತಿದ್ದೆ. ಈಗ ಇಲ್ಲ.
ಪಾಪ, ಅದೂ ಪಾಠ ಕೇಳಲೆಂದೇ
ಬಂದಿದ್ದರೆ?

ಹೋದ ಮಾಗಿಯಲ್ಲಿ ಅರಸೀಕೆರೆಯ ಶಾಲೆ ಬಂತು, ಎರಡು ಬಸ್ಸು.
ಹುಡುಗರೆಲ್ಲ ಸಳರಾಗಿ ಮುಗಿದ ಮೇಲೆ
ಮೂರನೇ ಕ್ಲಾಸಿನ ಫೌಜಿಯಾ ಒಬ್ಬಳೇ ಉಳಿದಳು.
ಸೀದಾ ಹೋಗಿ ಹುಲಿಯ ತೂತಿಗೆ ತಲೆ ಕೊಟ್ಟಳು.
'ಆ ಕಡೆ ನಿಲ್ಲು ಮರಿ' ಎಂದರು ಟೀಚರು.
'ಊಹೂಂ, ನಂದು ಹುಲಿ. ಆಂಟಿ ಸಳ.'

ಆ ತೂತು ಆರಡಿಯವನಿಗೆ ಕೊರೆದದ್ದು.
ಹಾಲಿನ ಕ್ರೇಟು ಬೋರಲು ಹಾಕಿ ಹತ್ತಿದೆ.
ಕೊಲ್ಲುವವನ ಮುಖ ಹೇಗೆ ಮಾಡಬೇಕು?
ಹುಬ್ಬು ಗಂಟಿಕ್ಕಿದೆ. ಹಲ್ಲು ಕಚ್ಚಿದೆ.
ಅದು ಗ್ಯಾಸಿನವನು ತಡಮಾಡಿದಾಗಿನ ನನ್ನ ಮುಖವೇ.
'ಹೊಯ್ ಅನ್ನಿ' ಎಂದರು ಟೀಚರು, ಫೋನು ಹಿಡಿದು.

'ಆಂಟಿ' ಎಂದಿತು ಕೆಳಗಿಂದ ಹುಲಿ,
'ನಿಮ್ಮ ಹಾಲು ಉಕ್ತಾ ಇದೆ.'

ಫೋಟೊದಲ್ಲಿ ಸಳ ಇಲ್ಲ.
ಅವನ ಕತ್ತಿನ ಮೇಲೆ ಮೂಡಿಗೆರೆ ರಸ್ತೆಯ ಒಂದು ತುಂಡು,
ಅರ್ಧ ಟೆಂಪೊ, ಒಂದು ಕಾಗೆ.
ಹುಲಿ ಇದೆ,
ಎರಡು ಹಲ್ಲು ಬಿದ್ದ ಬಾಯಿ ಅಗಲಿಸಿ.

ಹತ್ತು ರೂಪಾಯಿ ಬೇಡ ಎಂದೆ.
ಪಂಚಾಯಿತಿಯ ಐದು
ಇನ್ನೂ ನನ್ನ ಮೇಲೆ ಸಾಲ.